ಲೆನಿನ್ ಹೇಳಿದ ಐದು ಲಕ್ಷಣಗಳ ಪ್ರಕಾರ ಚೀನಾ ಸಾಮ್ರಾಜ್ಯಶಾಹಿ ದೇಶವೇ? ಪ್ರಬಂಧಕ್ಕೆ ಯಾರನ್ನು ಆಧರಿಸಲಿ, ಲೆನಿನ್ನೋ ಅವನ ಸಮಕಾಲೀನ ಮಾರ್ಕ್ಸ್‌ವಾದಿ ಕೌಟ್ಸ್ಕಿಯೋ?

ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಒಂದು ಪ್ರಬಂಧ ಬರೆದಿದ್ದೆ, ಅದು ನಿಲ್ಲಲಿಲ್ಲ. ಅದೇ ಐದು ಲಕ್ಷಣ: ಏಕಸ್ವಾಮ್ಯ, ಬ್ಯಾಂಕು ಮತ್ತು ಕೈಗಾರಿಕೆ ಬೆಸೆದುಕೊಂಡ ಹಣಕಾಸು ಬಂಡವಾಳ, ಬಂಡವಾಳದ ರಫ್ತು, ಮಾರುಕಟ್ಟೆ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಕೂಟಗಳು, ಮಹಾಶಕ್ತಿಗಳ ನಡುವೆ ಮುಗಿದುಹೋದ ಭೂಭಾಗದ ಹಂಚಿಕೆ. ಲಕ್ಷಣಕ್ಕೊಂದು ಕಾಲಂ, ದೇಶಕ್ಕೊಂದು ಸಾಲು. ಬಂಡವಾಳ ರಫ್ತಿನ ಕಾಲಂಗೆ ಹಾಕಿದ್ದು ನಿವ್ವಳ ಅಂಕಿ, ಅಂದರೆ ಹೊರದೇಶದಲ್ಲಿರುವ ಆಸ್ತಿಯಿಂದ ಹೊರಗಿನವರಿಗೆ ಕೊಡಬೇಕಾದ್ದನ್ನು ಕಳೆದು ಉಳಿದದ್ದು. ಆ ಲೆಕ್ಕದಲ್ಲಿ ಜಪಾನ್, ಜರ್ಮನಿ, ಚೀನಾ ಸಾಮ್ರಾಜ್ಯಶಾಹಿಗಳಾದವು. ಅಮೆರಿಕ ಆಗಲಿಲ್ಲ, ಏಕೆಂದರೆ 1980ರ ದಶಕದ ಕೊನೆಯಿಂದ ಅದು ನಿವ್ವಳ ಸಾಲಗಾರ ದೇಶ.

ಅಂಕಿಗಳಲ್ಲಿ ದೋಷವಿರಲಿಲ್ಲ. ಒಂದು ಜಗತ್ತಿನ ಲಕ್ಷಣಗಳನ್ನು ಒಂದೊಂದು ದೇಶದ ಲಕ್ಷಣವಾಗಿ ಓದಿದ್ದೇ ದೋಷ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯೂ ಅದರ ಮೇಲೆಯೇ ನಿಂತಿದೆ.

ಐದು ಲಕ್ಷಣಗಳು ಬರುವುದು ಲೆನಿನ್ 1916ರಲ್ಲಿ ಜ್ಯೂರಿಕ್‌ನಲ್ಲಿ ಬರೆದ ‘ಸಾಮ್ರಾಜ್ಯಶಾಹಿ: ಬಂಡವಾಳಶಾಹಿಯ ಅತ್ಯುನ್ನತ ಹಂತ’ ಎಂಬ ಕಿರುಹೊತ್ತಗೆಯ ಏಳನೇ ಅಧ್ಯಾಯದಲ್ಲಿ. ಅಲ್ಲಿ ವಿವರಿಸುತ್ತಿರುವುದು ಬಂಡವಾಳಶಾಹಿ ತಲುಪಿದ ಒಂದು ಹಂತವನ್ನು. ನಾಲ್ಕನೇ ಮತ್ತು ಐದನೇ ಲಕ್ಷಣಗಳನ್ನು ಮತ್ತೊಮ್ಮೆ ಓದಿ. ‘ಜಗತ್ತಿನ ಹಂಚಿಕೆ ಮುಗಿದಿದೆ’ ಎಂಬುದು ಒಂದು ದೇಶಕ್ಕೆ ಇರುವ ಅಥವಾ ಇಲ್ಲದಿರುವ ಗುಣ ಹೇಗಾದೀತು? ಅದು ಎಲ್ಲರೂ ಒಟ್ಟಿಗೆ ಸಿಕ್ಕಿಕೊಂಡ ಸ್ಥಿತಿ. ಪಟ್ಟಿ ಕೊಡುವ ಮುನ್ನ ಲೆನಿನ್ ತಾನೇ ಎಚ್ಚರಿಸುತ್ತಾನೆ: ಯಾವ ವ್ಯಾಖ್ಯೆಗೂ ಇರುವುದು ಷರತ್ತಿನ, ಸಾಪೇಕ್ಷ ಬೆಲೆ ಮಾತ್ರ. ಪಟ್ಟಿಯನ್ನು ಪರೀಕ್ಷೆಗೆ ಉರು ಹೊಡೆಯುವವರು ಆ ವಾಕ್ಯವನ್ನು ಹಾರಿಸಿಬಿಡುತ್ತಾರೆ.

ಇನ್ನೂ ಗಟ್ಟಿ ಸಾಕ್ಷಿ ಆರನೇ ಅಧ್ಯಾಯದಲ್ಲಿದೆ. ವಸಾಹತುಗಳ ಕೋಷ್ಟಕದಲ್ಲಿ ಅವನು ಎಣಿಸುವ ಮಹಾಶಕ್ತಿಗಳು ಆರು: ಬ್ರಿಟನ್, ರಷ್ಯಾ, ಫ್ರಾನ್ಸ್, ಜರ್ಮನಿ, ಅಮೆರಿಕ, ಜಪಾನ್. 1914ರಲ್ಲಿ ಇವುಗಳಲ್ಲಿ ಮೂರು ನಿವ್ವಳ ಸಾಲಗಾರ ದೇಶಗಳು. ರಷ್ಯಾ ಫ್ರೆಂಚ್ ಸಾಲದಲ್ಲಿ ಮುಳುಗಿತ್ತು. ಜಪಾನ್ 1904–05ರ ಯುದ್ಧವನ್ನು ಲಂಡನ್ ಮತ್ತು ನ್ಯೂಯಾರ್ಕ್‌ನ ಸಾಲದಿಂದ ನಡೆಸಿತ್ತು. ಅಮೆರಿಕ ಸಾಲ ಕೊಡುವ ದೇಶವಾದದ್ದು ಮೊದಲ ಮಹಾಯುದ್ಧದಲ್ಲಿ. ಬಂಡವಾಳ ರಫ್ತಿನ ಟಿಕ್ ಗುರುತೇ ಅಳತೆಯಾಗಿದ್ದರೆ ಅವನ ಪಟ್ಟಿಯ ಅರ್ಧ ಅಲ್ಲೇ ಬಿದ್ದುಹೋಗುತ್ತಿತ್ತು. ಆದರೆ ರಷ್ಯಾ ವಿಷಯದಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ತ್ಸಾರ್ ಸರ್ಕಾರದ ಸೆನ್ಸಾರ್ ಭಯಕ್ಕೆ ಜಪಾನ್–ಕೊರಿಯಾ ಉದಾಹರಣೆ ಕೊಟ್ಟೆ, ಓದುಗರು ಜಪಾನಿನ ಜಾಗದಲ್ಲಿ ರಷ್ಯಾ, ಕೊರಿಯಾದ ಜಾಗದಲ್ಲಿ ಫಿನ್ಲೆಂಡ್, ಪೋಲೆಂಡ್, ಉಕ್ರೇನ್ ಹಾಕಿಕೊಳ್ಳಲಿ ಎಂದು 1917ರ ಮುನ್ನುಡಿಯಲ್ಲಿ ಬಿಚ್ಚಿ ಹೇಳಿದ್ದಾನೆ. ಪೋರ್ಚುಗಲ್‌ ಅಂತೂ ಟಿಕ್ ಪಟ್ಟಿಯನ್ನೇ ಒಡೆಯುತ್ತದೆ: ಕೈಯಲ್ಲಿ ವಸಾಹತುಗಳಿವೆ, ಆದರೂ ಅದು ಬ್ರಿಟನ್ನಿನ ಆಶ್ರಿತ ಎಂದು ಅವನೇ ಬರೆಯುತ್ತಾನೆ.

ನಿವ್ವಳ ಅಂಕಿ ಬಿಟ್ಟು ಏನು ನೋಡಬೇಕು? ದೇಶದ ಒಳಹೊರಗೆ ಹರಿಯುವ ಹಣದ ಲೆಕ್ಕವಾದ ಪಾವತಿ ಶೇಷದಲ್ಲಿ ‘ಪ್ರಾಥಮಿಕ ಆದಾಯ’ ಎಂಬ ಸಾಲು ಇರುತ್ತದೆ: ಬಡ್ಡಿ, ಲಾಭಾಂಶ, ಹೂಡಿಕೆಯ ಲಾಭ. ಸಾಲಗಾರ ಅಮೆರಿಕಕ್ಕೆ ಈ ಸಾಲಿನಲ್ಲಿ ದಶಕಗಳ ಕಾಲ ಮಿಗುತ್ತಲೇ ಬಂತು. ಸಾಲ ಕೊಟ್ಟ ಚೀನಾಕ್ಕೆ ಹೆಚ್ಚಿನ ವರ್ಷ ಕೊರತೆ. ಕಾರಣ ಸರಳ. ಅಮೆರಿಕದ ಹೊರ ಆಸ್ತಿಯಲ್ಲಿ ಹೆಚ್ಚು ಲಾಭ ತರುವ ಕಂಪನಿ, ಷೇರುಗಳಿಗೆ ದೊಡ್ಡ ಪಾಲು, ಅದರ ಸಾಲದಲ್ಲಿ ಕಡಿಮೆ ಬಡ್ಡಿಯ ಸರ್ಕಾರಿ ಪತ್ರಗಳಿಗೆ. ಚೀನಾದ್ದು ಹೆಚ್ಚುಕಡಿಮೆ ಇದರ ತಿರುವುಮುರುವು: ಆಸ್ತಿಯ ದೊಡ್ಡ ಭಾಗ ಅದೇ ಡಾಲರ್ ಪತ್ರಗಳಲ್ಲಿ, ಕೊಡಬೇಕಾದ್ದು ಹೊರಗಿನವರ ನೇರ ಹೂಡಿಕೆಗೆ. ಡಾಲರ್ ಯಾರದೋ ಅವರ ಸಾಲವೇ ಉಳಿದವರ ಉಳಿತಾಯ. 1971ರ ಆಗಸ್ಟ್ 15ರಂದು ನಿಕ್ಸನ್ ಡಾಲರನ್ನು ಚಿನ್ನದಿಂದ ಬಿಡಿಸಿದ ಮೇಲೆ ಇದಕ್ಕೆ ಕಡಿವಾಣವೂ ಇಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಲ್ಲಿ ದೊಡ್ಡ ನಿರ್ಧಾರಗಳಿಗೆ ಶೇ 85 ಮತ ಬೇಕು, ಅಮೆರಿಕದ ಪಾಲು ಸುಮಾರು ಶೇ 16.5. ಒಬ್ಬರೇ ತಡೆಯಬಲ್ಲರು. ಇಂಥದ್ದು ಯಾವ ಟಿಕ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಆದಾಯ ಯಾವ ಕಡೆ ಹರಿಯುತ್ತದೆ ಎಂದು ನೋಡುವ ಅಭ್ಯಾಸಕ್ಕೆ ಕೋಲಾರದ ಚಿನ್ನದ ಗಣಿಗಿಂತ ಹತ್ತಿರದ ಪಾಠ ನಮಗಿಲ್ಲ. ಗಣಿ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಸಂಸ್ಥೆ. ಮೈಸೂರು ಸಂಸ್ಥಾನಕ್ಕೆ ಸಿಕ್ಕಿದ್ದು ರಾಯಧನ, ಲಾಭಾಂಶ ಹೋದದ್ದು ಲಂಡನ್ನಿನ ಷೇರುದಾರರಿಗೆ. 1902ರಲ್ಲಿ ಗಣಿಗೆ ವಿದ್ಯುತ್ ಹರಿಸಿದ ಶಿವನಸಮುದ್ರ ಕೇಂದ್ರ ಕಟ್ಟಿದ್ದು ಮಾತ್ರ ಸಂಸ್ಥಾನ. ಬ್ರಿಟನ್ ಎಷ್ಟು ಬಂಡವಾಳ ‘ರಫ್ತು’ ಮಾಡಿತು ಎಂದಷ್ಟೇ ಬರೆದುಕೊಂಡರೆ ಈ ಕಥೆಯ ಮುಕ್ಕಾಲು ಪಾಲು ಹೊರಗುಳಿಯುತ್ತದೆ. ದಾದಾಭಾಯಿ ನವರೋಜಿ ಸಂಪತ್ತಿನ ಸೋರಿಕೆ ಎಂದದ್ದನ್ನು ಲೆನಿನ್ ಪಕ್ಕದಲ್ಲಿಟ್ಟು ಓದಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಲೆನಿನ್ ಹೇಳಿದ್ದೆಲ್ಲ ಸರಿ ಎಂದು ನನ್ನ ವಾದವಲ್ಲ. ಹಣಕಾಸು ಬಂಡವಾಳದ ಪರಿಕಲ್ಪನೆಯನ್ನು ಅವನು ಎತ್ತಿಕೊಂಡದ್ದು ಆಸ್ಟ್ರಿಯಾದ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಹಿಲ್ಫರ್ಡಿಂಗ್ 1910ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಹಿಲ್ಫರ್ಡಿಂಗ್ ಕಣ್ಣೆದುರು ಇದ್ದದ್ದು ಜರ್ಮನಿ, ಆಸ್ಟ್ರಿಯಾ. ಅಲ್ಲಿ ಬರ್ಲಿನ್ನಿನ ದೊಡ್ಡ ಬ್ಯಾಂಕುಗಳು ಕೈಗಾರಿಕೆಯನ್ನು ಹಿಡಿದಿಟ್ಟಿದ್ದವು ನಿಜ. ಅತಿ ಹೆಚ್ಚು ಬಂಡವಾಳ ಹೊರಗೆ ಕಳಿಸಿದ ಬ್ರಿಟನ್ನಿನಲ್ಲಿ ಬ್ಯಾಂಕುಗಳಿಗೆ ಕಾರ್ಖಾನೆಗಳ ಮೇಲೆ ಅಂಥ ಹಿಡಿತ ಇರಲಿಲ್ಲ. ಬಂಡವಾಳ ಹೋದ ಜಾಗಗಳೂ ಅಷ್ಟೆ. ಲೆನಿನ್ ನಾಲ್ಕನೇ ಅಧ್ಯಾಯದಲ್ಲಿ ಕೊಡುವ 1910ರ ಸುಮಾರಿನ ಕೋಷ್ಟಕದಲ್ಲಿ ಬ್ರಿಟನ್ನಿನ 70 ಶತಕೋಟಿ ಮಾರ್ಕ್‌ಗಳಲ್ಲಿ 37 ಇರುವುದು ಉತ್ತರ–ದಕ್ಷಿಣ ಅಮೆರಿಕಗಳಲ್ಲಿ. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ಮೂರೂ ಸೇರಿ 29. ಫ್ರಾನ್ಸಿನ 35ರಲ್ಲಿ 23 ಯುರೋಪಿನಲ್ಲೇ. ಬಂಡವಾಳ ಇಡಲು ಜಾಗವಿಲ್ಲದೆ ಆಫ್ರಿಕಾ ಹಂಚಿಕೊಂಡರು ಎಂದು ಬರೆದರೆ ಈ ಕೋಷ್ಟಕವೇ ನಿಮ್ಮನ್ನು ತಡೆಯುತ್ತದೆ.

ಕೌಟ್ಸ್ಕಿಯ ವಿಷಯ. ಮಹಾಶಕ್ತಿಗಳ ಹಣಕಾಸು ಬಂಡವಾಳ ಒಂದಾಗಿ ಜಗತ್ತನ್ನು ಜೊತೆಯಾಗಿ ಸುಲಿಯುವ ‘ಅತಿ ಸಾಮ್ರಾಜ್ಯಶಾಹಿ’ ಬರಬಹುದು ಎಂದು ಅವನು ಬರೆದ ಲೇಖನ ಅಚ್ಚಾದದ್ದು 1914ರ ಸೆಪ್ಟೆಂಬರಿನಲ್ಲಿ, ಯುದ್ಧ ಶುರುವಾದ ಮೇಲೆ. 1945ರ ನಂತರದ ಪಶ್ಚಿಮವನ್ನು ನೋಡಿ ಅವನೇ ಗೆದ್ದ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಆ ಒಗ್ಗಟ್ಟು ಸಮಾನರ ಕೂಟವಾಗಿರಲಿಲ್ಲ. ಜರ್ಮನಿ ಮತ್ತು ಜಪಾನ್ ಸೋತು, ಅಮೆರಿಕದ ಸೈನಿಕ ನೆಲೆಗಳು ಅವುಗಳ ನೆಲದಲ್ಲಿ ಕೂತ ಮೇಲೆ ಬಂದದ್ದು. ಒಬ್ಬನ ಯಜಮಾನಿಕೆ ಇಷ್ಟು ದೀರ್ಘವಾಗಿ ನಿಲ್ಲುತ್ತದೆ ಎಂದು ಇಬ್ಬರೂ ಊಹಿಸಿರಲಿಲ್ಲ. ಒಬ್ಬರನ್ನು ಆರಿಸಿಕೊಳ್ಳುವ ಗೊಡವೆಯನ್ನೇ ಬಿಡಿ.

ಪ್ರಬಂಧದ ತಲೆಬರಹ ಬದಲಿಸಿ. ‘ಚೀನಾ ಹೌದೇ ಅಲ್ಲವೇ’ ಬೇಡ. ‘ಚೀನಾದ ಬೆಳವಣಿಗೆ ಮಹಾಶಕ್ತಿಗಳ ಈಗಿನ ಹಂಚಿಕೆಯಲ್ಲಿ ಎಲ್ಲೆಲ್ಲಿ ಹೊಂದುತ್ತಿಲ್ಲ’ ಎಂದು ಕೇಳಿ. ನೇರ ಹೂಡಿಕೆಯ ಅಂಕಿ ಎತ್ತುವಾಗ ಹಾಂಕಾಂಗ್ ಸಾಲನ್ನು ಬೇರೆ ಇಡಿ. ಚೀನಾದಿಂದ ಹೊರಡುವ ಹಣದ ದೊಡ್ಡ ಭಾಗ ಅಲ್ಲಿಗೆ ಹೋಗಿ ಮುಂದೆ ಬೇರೆಡೆಗೆ ಹರಿಯುತ್ತದೆ, ಕೆಲವು ಸಲ ತಿರುಗಿ ಚೀನಾಕ್ಕೇ ಬರುತ್ತದೆ. ಅದನ್ನು ಸೇರಿಸಿದರೆ ಇಡೀ ಚಿತ್ರ ಕೆಡುತ್ತದೆ. ಸಾಲ, ಬಂದರು ಮತ್ತು ಸೈನಿಕ ನೆಲೆಗಳನ್ನು ಒಂದೇ ರಾಶಿಗೆ ಹಾಕಬೇಡಿ: 2017ರಲ್ಲಿ 99 ವರ್ಷಕ್ಕೆ ಚೀನಾಕ್ಕೆ ಗುತ್ತಿಗೆಗೆ ಹೋದ ಶ್ರೀಲಂಕಾದ ಹಂಬಂತೋಟ ಬಂದರು ಒಂದು ಬಗೆ, ಅದೇ ವರ್ಷ ಪೂರ್ವ ಆಫ್ರಿಕಾದ ಜಿಬೂಟಿಯಲ್ಲಿ ಚೀನಾ ತೆರೆದ ಸೈನಿಕ ನೆಲೆ ಇನ್ನೊಂದು.

ಮಾದರಿ ಬೇಕಿದ್ದರೆ ಅದೇ ಏಳನೇ ಅಧ್ಯಾಯದಲ್ಲಿದೆ, ಐದು ಲಕ್ಷಣಗಳಿಂದ ಕೆಲವೇ ಪುಟ ಮುಂದೆ. 1892ರಲ್ಲಿ ಬೀಡುಕಬ್ಬಿಣದ ಉತ್ಪಾದನೆ ಜರ್ಮನಿಯದ್ದು 49 ಲಕ್ಷ ಟನ್, ಬ್ರಿಟನ್ನಿನದು 68 ಲಕ್ಷ. 1912ರಲ್ಲಿ ಜರ್ಮನಿ 176 ಲಕ್ಷ, ಬ್ರಿಟನ್ 90 ಲಕ್ಷ. ವಸಾಹತುಗಳು ಮಾತ್ರ ಹಳೆಯ ಬಲಾಬಲದಂತೆಯೇ ಹಂಚಿಕೆಯಾಗಿದ್ದವು. ಈ ಅಂತರವನ್ನು ಬಂಡವಾಳಶಾಹಿ ಯುದ್ಧವಿಲ್ಲದೆ ಹೇಗೆ ಸರಿಪಡಿಸೀತು ಎಂದು ಅವನು ಅಲ್ಲಿ ಕೇಳುತ್ತಾನೆ. ನಿಮ್ಮ ಮೊದಲ ಕೋಷ್ಟಕ ಆ ನಾಲ್ಕು ಅಂಕಿಗಳ ಈಗಿನ ರೂಪವಾಗಿರಲಿ.