ಟ್ರೂಪರ್‌ಗೆ ಆರನೇ ಸ್ಥಾನ ಕೊಟ್ಟ ತಪ್ಪಿಗೆ

ದಾವಣಗೆರೆಯ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಆರು ಹಾಳೆ, ಎರಡೂ ಬದಿ, ನೀಲಿ ಇಂಕು. ಸಿಟ್ಟು ಬಂದ ಕಡೆ ಅಕ್ಷರ ದಪ್ಪ. ನಾಲ್ಕನೇ ಹಾಳೆಯಲ್ಲಿ ಪೆನ್ನು ಕಾಗದವನ್ನು ತೂತು ಮಾಡಿದೆ. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಉಳಿದ ಓದುಗರಿಗಾಗಿ ಸಂಗತಿ ಏನೆಂದು ಹೇಳಿ ಮುಂದುವರಿಯುತ್ತೇನೆ.

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬ್ಯಾಂಡಿನ ನನ್ನ ಮೆಚ್ಚಿನ ಹತ್ತು ಹಾಡುಗಳ ಪಟ್ಟಿ ಕೊಟ್ಟಿದ್ದೆ. ಮೊದಲ ಸ್ಥಾನ ‘ಹ್ಯಾಲೋಡ್ ಬಿ ದೈ ನೇಮ್’. ಆಮೇಲೆ ಕ್ರಮವಾಗಿ ‘ರೈಮ್ ಆಫ್ ದಿ ಏನ್ಷಂಟ್ ಮ್ಯಾರಿನರ್’, ‘ಫ್ಯಾಂಟಮ್ ಆಫ್ ದಿ ಆಪರಾ’, ‘ಏಸಸ್ ಹೈ’, ‘ಇನ್‌ಫಿನಿಟ್ ಡ್ರೀಮ್ಸ್’, ‘ದಿ ಟ್ರೂಪರ್’, ‘ಪ್ಯಾಶನ್‌ಡೇಲ್’, ‘ಸೈನ್ ಆಫ್ ದ ಕ್ರಾಸ್’, ‘ವೇಸ್ಟೆಡ್ ಇಯರ್ಸ್’, ಹತ್ತನೆಯದು ‘ಎಂಪೈರ್ ಆಫ್ ದ ಕ್ಲೌಡ್ಸ್’. ನಿಮ್ಮ ತಕರಾರು ಹೀಗಿದೆ: ಟ್ರೂಪರ್ ಮೊದಲ ಸ್ಥಾನದಲ್ಲಿ ಇರಬೇಕಿತ್ತು. ‘ಫಿಯರ್ ಆಫ್ ದ ಡಾರ್ಕ್’ ಎರಡನೆಯದಾಗಿ ಬರಬೇಕಿತ್ತು, ಅದು ಪಟ್ಟಿಯಲ್ಲೇ ಇಲ್ಲ. ‘ಸೈನ್ ಆಫ್ ದ ಕ್ರಾಸ್’ ಗಾಯಕ ಬ್ರೂಸ್ ಡಿಕಿನ್ಸನ್ ಬ್ಯಾಂಡು ಬಿಟ್ಟಿದ್ದಾಗ ಅವನ ಜಾಗದಲ್ಲಿ ಬ್ಲೇಜ್ ಬೇಯ್ಲಿ ಹಾಡಿದ್ದು, ಬ್ರೂಸ್ ಇಲ್ಲದ ಮೇಡನ್ ಉಪ್ಪಿಲ್ಲದ ಸಾರು. ‘ಎಂಪೈರ್’ 18 ನಿಮಿಷ, ಅಷ್ಟು ಹೊತ್ತಿಗೆ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳಬಹುದು. ಇನ್ನು ಹ್ಯಾಲೋಡ್, ಕೋರ್ಟು ಕಚೇರಿ ಹತ್ತಿದ ಹಾಡು. ಕೊನೆಗೆ, ‘ನಿಮ್ಮ ರುಚಿ ಯಾರಿಗೆ ಬೇಕು ಸ್ವಾಮಿ, ಯಾವ ಹಾಡು ಜಾಸ್ತಿ ಮಾರಾಟ ಆಯಿತೋ ಆ ಲೆಕ್ಕ ಹಿಡಿಯಬೇಕಿತ್ತು.’

ಮಾರಾಟದ ವಿಷಯ ಮೊದಲು ಮುಗಿಸಿಬಿಡೋಣ, ಅದು ಸುಲಭ. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಮೇಡನ್‌ನ ಒಂದೇ ಒಂದು ಹಾಡು ನಂಬರ್ ಒನ್ ಆಗಿದೆ. 1991ರ ಜನವರಿಯಲ್ಲಿ. ಯಾವುದು ಗೊತ್ತಲ್ವಾ? ‘ಬ್ರಿಂಗ್ ಯುವರ್ ಡಾಟರ್ ಟು ದ ಸ್ಲಾಟರ್’. ಒಂದು ಹಾರರ್ ಸಿನಿಮಾಕ್ಕೆಂದು ಬ್ರೂಸ್ ಬರೆದಿದ್ದು. ಲೆಕ್ಕವೇ ಬೇಕೆಂದರೆ ಅದನ್ನು ತಲೆ ಮೇಲೆ ಕೂರಿಸಬೇಕು. ನಿಮ್ಮ ಆರು ಹಾಳೆಯಲ್ಲಿ ಆ ಹಾಡಿನ ಹೆಸರು ಒಮ್ಮೆಯೂ ಇಲ್ಲ. ಬಿಟ್ಟುಬಿಡೋಣ.

ಹ್ಯಾಲೋಡ್ ಕೋರ್ಟಿಗೆ ಹೋಗಿದ್ದು ನಿಜ. ಹಾಡಿನ ಕೊನೆಯ ಭಾಗದ ಕೆಲವು ಸಾಲುಗಳು 1970ರ ದಶಕದ ಬೆಕೆಟ್ ಎಂಬ ಬ್ಯಾಂಡಿನ ಹಾಡಿನವು ಎಂದು 2017ರಲ್ಲಿ ದಾವೆ ಬಿತ್ತು, ಆಮೇಲೆ ರಾಜಿಯಾಯಿತು. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹಾಡನ್ನು ನಾನು ಮೇಲಿಟ್ಟಿದ್ದು ಆ ಸಾಲುಗಳಿಗಾಗಿ ಅಲ್ಲ. ಅದರ ಮೊದಲ ಒಂದೂವರೆ ನಿಮಿಷಕ್ಕಾಗಿ. ಗಂಟೆಯ ಸದ್ದು. ಬೆಳಗ್ಗೆ 5 ಗಂಟೆಗೆ ಗಲ್ಲಿಗೇರಬೇಕಾದವನು ಸೆರೆಮನೆಯಲ್ಲಿ ಕೂತಿದ್ದಾನೆ. ಬ್ರೂಸ್ ಕೂಗುವುದಿಲ್ಲ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಮೆಲ್ಲಗೆ ಶುರು ಮಾಡುತ್ತಾನೆ. ಉಳಿದಿರುವ ಹೊತ್ತು ಕಮ್ಮಿ ಎಂದು ಹೇಳುವ ಸಾಲಿನ ಕೊನೆಯ ಅಕ್ಷರವನ್ನು ಹಿಡಿದು ಎಳೆಯುತ್ತಾನೆ ನೋಡಿ. ಹೊತ್ತೇ ಇಲ್ಲದವನು ಒಂದು ಅಕ್ಷರಕ್ಕೆ ಅಷ್ಟು ಹೊತ್ತು ಖರ್ಚು ಮಾಡುತ್ತಾನೆ! ಅದು ಮುಗಿಯುವ ಮೊದಲೇ ಇಡೀ ಬ್ಯಾಂಡು ಒಳಗೆ ನುಗ್ಗಿರುತ್ತದೆ. 1982ರ ಆಲ್ಬಂ ಅದು, ಬ್ರೂಸ್ ಬಂದ ಮೇಲಿನ ಮೊದಲನೆಯದು. ಆ ಜಾಗ ಬಂದಾಗ ಇವತ್ತಿಗೂ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಕೂರುತ್ತೇನೆ. ಒಂದನೇ ಸ್ಥಾನ ಒಂದನೇ ಸ್ಥಾನವೇ. ಈ ವಿಷಯದಲ್ಲಿ ಚೌಕಾಶಿ ಇಲ್ಲ.

ಎರಡನೆಯದರ ಬಗ್ಗೆ ನೀವು ತಕರಾರು ಎತ್ತಿಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಸುಮ್ನೆ. ನನಗೆ ‘ಪವರ್‌ಸ್ಲೇವ್’ ಸಿಕ್ಕಿದ್ದು ಸೋದರತ್ತೆಯ ಮಗ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ. 90 ನಿಮಿಷದ ಕ್ಯಾಸೆಟ್, ಅಂದರೆ ಬದಿಗೆ 45. ಆಲ್ಬಂ 51 ನಿಮಿಷ. ‘ರೈಮ್’ ಅದರ ಕೊನೆಯ ಹಾಡು, 13 ನಿಮಿಷಕ್ಕೂ ಮೇಲೆ. ಕೋಲ್‌ರಿಜ್ ಕವಿಯ ಆ ಮುದುಕ ನಾವಿಕ ಹಕ್ಕಿಯನ್ನು ಕೊಂದು, ಶಾಪ ಹತ್ತಿ, ಗಾಳಿಯಿಲ್ಲದ ಕಡಲಲ್ಲಿ ನಿಂತುಬಿಡುತ್ತಾನೆ. ಆಗ ಡ್ರಮ್ ನಿಲ್ಲುತ್ತದೆ. ಹಡಗಿನ ಮರ ಕಿರ್ರ್, ಕಿರ್ರ್ ಎನ್ನುತ್ತದೆ. ಬೇಸ್ ಗಿಟಾರ್ ಒಂದೊಂದೇ ಸ್ವರ ಇಡುತ್ತದೆ. ಸರಿಯಾಗಿ ಅಲ್ಲಿ ನನ್ನ ಕ್ಯಾಸೆಟ್ ಟಕ್ ಎಂದು ನಿಂತುಹೋಗುತ್ತಿತ್ತು. ಎರಡು ವರ್ಷ ಆ ಹಡಗು ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ನಿಂತೇ ಇತ್ತು. ಹಾಡು ಮುಗಿಯುವುದೇ ಹಾಗೆ ಎಂದುಕೊಂಡಿದ್ದೆ. ಆಮೇಲೆ ಪೂರ್ತಿ ಕೇಳಿದಾಗ ಹಡಗು ಮತ್ತೆ ಚಲಿಸಿತು. ಎರಡನೇ ಸ್ಥಾನ ಅದಕ್ಕೆ.

ಈಗ ಟ್ರೂಪರ್. ನೀವು ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವರು ಎಂದು ಬರೆದಿದ್ದೀರಿ. ಮೇಡನ್ ಬ್ಯಾಂಡಿನ ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ನ ಕುದುರೆ ಓಟದ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಒಂದು ಉದ್ದದ ಪೆಟ್ಟು, ಹಿಂದೆಯೇ ಎರಡು ಗಿಡ್ಡ ಪೆಟ್ಟು. ತಾಂ-ತಕ, ತಾಂ-ತಕ, ತಾಂ-ತಕ. ಹ್ಯಾರಿಸ್ ಅದನ್ನು ಬರಿ ಬೆರಳಲ್ಲಿ ನುಡಿಸುತ್ತಾನೆ, ಕೈಯಲ್ಲಿ ತಂತಿ ಮೀಟುವ ಪಿಕ್ ಇರುವುದಿಲ್ಲ. ಎರಡು ಹಾಡಾಗುವಷ್ಟರಲ್ಲಿ ನನ್ನಂಥವನ ಕೈ ಸೋತು ಹೋಗುತ್ತದೆ. ಅವನು 1975ರಲ್ಲಿ ಈ ಬ್ಯಾಂಡು ಕಟ್ಟಿದಾಗಿನಿಂದ ನುಡಿಸುತ್ತಲೇ ಇದ್ದಾನೆ.

ನೀವು ಬರೆದಿದ್ದೀರಿ, ‘ಟ್ರೂಪರ್‌ನಷ್ಟು ಕೆಚ್ಚಿನ ಹಾಡು ಇನ್ನೊಂದಿಲ್ಲ.’ ನನ್ನ ಜಗಳ ಇರುವುದು ಇಲ್ಲೇ. ಅದು ಕೆಚ್ಚಿನ ಹಾಡಲ್ಲ. 1854ರ ಅಕ್ಟೋಬರ್ 25, ಕ್ರಿಮಿಯಾದ ಬಾಲಾಕ್ಲಾವಾ. ಮೇಲಿನವರ ಅಪ್ಪಣೆ ಎಡವಟ್ಟಾಗಿ, ಬ್ರಿಟಿಷ್ ಅಶ್ವದಳ ನೇರ ರಷ್ಯನ್ ಫಿರಂಗಿಗಳ ಬಾಯಿಗೆ ಓಡಿತು. ಹಾಡುವವನು ಆ ಸವಾರರಲ್ಲಿ ಒಬ್ಬ. ಕೊನೆಗೆ ಬಯಲಲ್ಲಿ ಬಿದ್ದು, ಅಳುವವರೂ ಇಲ್ಲದೆ ಸಾಯುತ್ತಾನೆ. ಕುದುರೆಯ ಓಟ ನಮ್ಮನ್ನು ಎಷ್ಟು ಜೋರಾಗಿ ಎಳೆದುಕೊಂಡು ಹೋಗುತ್ತದೆ ಎಂದರೆ, ಸವಾರ ಸತ್ತಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಬ್ರೂಸ್ ಕೆಂಪು ಕೋಟು ತೊಟ್ಟು ಬ್ರಿಟಿಷ್ ಬಾವುಟ ಬೀಸುವುದು ವೇದಿಕೆಯ ವಾಡಿಕೆ. ನಾವು, ಆ ಬಾವುಟ ಇಳಿಸಲು ಜೈಲಿಗೆ ಹೋದವರ ಮೊಮ್ಮಕ್ಕಳು, ಕೆಳಗೆ ನಿಂತು ಕುಣಿಯುತ್ತೇವೆ. ನನಗೇನೂ ಬೇಸರ ಇಲ್ಲ, ನಾನೂ ಕುಣಿಯುವವನೇ. ಆದರೆ ಹಾಡಿನ ಕಥೆ ಒಂದು ಕಡೆ, ಲಯ ಇನ್ನೊಂದು ಕಡೆ ಹೋಗುತ್ತದೆ. ಹ್ಯಾಲೋಡ್‌ನಲ್ಲಿ ಎರಡೂ ಒಂದೇ ಹಗ್ಗ ಹಿಡಿದಿವೆ. ಆರನೇ ಸ್ಥಾನಕ್ಕೆ ಕಾರಣ ಇಷ್ಟೇ.

‘ಫಿಯರ್ ಆಫ್ ದ ಡಾರ್ಕ್’ ವಿಷಯದಲ್ಲಿ ಮಾತ್ರ ನೀವು ನನ್ನನ್ನು ಸರಿಯಾಗಿ ಹಿಡಿದುಹಾಕಿದ್ದೀರಿ.

ಪಟ್ಟಿ ಮಾಡುವಾಗ ನಾನು ಒಂದು ವಾರ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಬ್ಬನೇ ಕೂತು ಆಲ್ಬಂಗಳನ್ನು ಕೇಳಿದೆ. 1992ರ ಆಲ್ಬಂನಲ್ಲಿ ಆ ಹಾಡು ನನಗೆ ಸಾಧಾರಣ ಅನಿಸಿತು. ಕತ್ತಲಲ್ಲಿ ಒಬ್ಬ ನಡೆದು ಹೋಗುತ್ತಿದ್ದಾನೆ, ಹಿಂದೆ ಯಾರೋ ಇದ್ದಾರೆ ಎಂಬ ಭಯ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಲಗಿದ ಊರಿನವರು ನಾವು, ನಮಗೆ ಇದೇನು ಹೊಸದು ಎಂದು ಮುಂದಕ್ಕೆ ಹೋದೆ. ನಿಮ್ಮ ಮೂರನೇ ಹಾಳೆಯಲ್ಲಿ ಒಂದು ಸಾಲು ಇದೆ: ‘ನೀವು ಬೆಂಗಳೂರಿಗೆ ಬಂದಿರಲಿಲ್ಲವೋ?’

ಬಂದಿದ್ದೆ ಸ್ವಾಮಿ. 2007ರ ಮಾರ್ಚ್ 17, ಶನಿವಾರ, ಅರಮನೆ ಮೈದಾನ. ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಅಲ್ಲೇ. ಮುಂಬೈಗೆ ಹೋಗಿದ್ದು ಮುಂದಿನ ವರ್ಷ. ನಾನು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದು, ಮಧ್ಯಾಹ್ನದಿಂದ ಬಿಸಿಲಲ್ಲಿ ಸಾಲು ನಿಂತಿದ್ದೆ. ಒಳಗೆ ಮೂಗಿನ ತುಂಬ ಕೆಂಪು ಧೂಳು. ನನ್ನ ಪಕ್ಕದಲ್ಲಿ ನೀರಿನ ಪ್ಯಾಕೆಟ್ ಮಾರುವ ಹುಡುಗನೊಬ್ಬ ಜನರ ಮಧ್ಯೆ ಸಿಕ್ಕಿಹಾಕಿಕೊಂಡಿದ್ದ. ಹದಿನಾಲ್ಕೋ ಹದಿನೈದೋ ಇರಬೇಕು. ಹೆಗಲಿಗೆ ಗೋಣಿಚೀಲ, ಆಚೆ ಹೋಗಲು ದಾರಿ ಇಲ್ಲ. ‘ಫಿಯರ್ ಆಫ್ ದ ಡಾರ್ಕ್’ ಶುರುವಾಯಿತು. ಗಿಟಾರಿನ ಆ ಮೆಲ್ಲನೆಯ ರಾಗ ಇದೆಯಲ್ಲ, ಅದಕ್ಕೆ ಮಾತಿಲ್ಲ. ಇಡೀ ಮೈದಾನ ಅದನ್ನು ‘ಓ... ಓ ಓ ಓ’ ಎಂದು ಹಾಡಿತು. ಮೊದಲನೇ ಸುತ್ತಿನಲ್ಲಿ ಹುಡುಗ ಸುತ್ತಲೂ ಕಣ್ಣು ಬಿಟ್ಟು ನೋಡಿದ. ಎರಡನೇ ಸುತ್ತಿಗೆ ಚೀಲ ಕೆಳಗಿಟ್ಟ. ಮೂರನೆಯದಕ್ಕೆ ಅವನೂ ಹಾಡುತ್ತಿದ್ದ, ಶ್ರುತಿ ತಪ್ಪದೆ. ಅವನಿಗೆ ಬ್ಯಾಂಡಿನ ಹೆಸರೂ ಗೊತ್ತಿರಲಿಕ್ಕಿಲ್ಲ.

ಇಂಥದ್ದನ್ನು ಕಣ್ಣಾರೆ ಕಂಡವನು ನಾನು. ಪಟ್ಟಿ ಮಾಡುವಾಗ ಮಾತ್ರ ಅದನ್ನು ಮರೆತು ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೇಡನ್ ಹಾಡು ಸ್ಟುಡಿಯೋದಲ್ಲಿ ಮುಗಿಯುವುದಿಲ್ಲ. ಅಲ್ಲಿ ಆಗುವುದು ಮುಕ್ಕಾಲು ಅಡುಗೆ, ಒಗ್ಗರಣೆ ಬೀಳುವುದು ಜನ ಸೇರಿದ ಮೇಲೆ. ತಪ್ಪು ನನ್ನದೇ, ಒಪ್ಪಿಕೊಂಡೆ. ನೀವು ಎರಡನೇ ಸ್ಥಾನ ಕೇಳಿದ್ದಿರಿ. ಏಳನೆಯದು ಕೊಡುತ್ತೇನೆ.

‘ಹಾಗಾದರೆ ಟ್ರೂಪರ್‌ಗೂ ಜನ ಓ ಓ ಎನ್ನುತ್ತಾರಲ್ಲ, ಅದಕ್ಕೇಕೆ ಈ ನ್ಯಾಯ ಇಲ್ಲ?’ ಎಂದು ನೀವು ಅಲ್ಲಿಂದಲೇ ಕೇಳುತ್ತಿದ್ದೀರಿ. ಗೊತ್ತು. ನಾಲ್ಕಕ್ಕೆ ಏರಿಸಿದ್ದೇನೆ. ‘ಏಸಸ್ ಹೈ’ ಐದಕ್ಕೆ, ‘ಇನ್‌ಫಿನಿಟ್ ಡ್ರೀಮ್ಸ್’ ಆರಕ್ಕೆ ಇಳಿದವು. ಸಾಕಾ?

‘ಸೈನ್ ಆಫ್ ದ ಕ್ರಾಸ್’ ಮಾತ್ರ ತೆಗೆಯುವುದಿಲ್ಲ. ಬ್ಲೇಜ್ ಕೆಟ್ಟ ಗಾಯಕನಲ್ಲ. ಅವನದು ಕೆಳಗಿನ ದನಿ. ಅವನಿಗೆ ಬ್ರೂಸ್‌ನ ಎತ್ತರದ ಹಳೇ ಹಾಡುಗಳನ್ನು ಪ್ರತಿ ರಾತ್ರಿ ಹಾಡು ಎಂದರೆ, ಅದು ಬೇರೆಯವರ ಚಪ್ಪಲಿ ಹಾಕಿಕೊಂಡು ಬೆಟ್ಟ ಹತ್ತಿದ ಹಾಗೆ. 1995ರಲ್ಲಿ ಅವನ ದನಿಗೆಂದೇ ಮಾಡಿದ ಈ 11 ನಿಮಿಷದ ಹಾಡಿನಲ್ಲಿ ಅವನು ಎಲ್ಲೂ ಎಡವಿಲ್ಲ. ನಿಮಗೆ ಬ್ರೂಸೇ ಬೇಕೆಂದರೆ 2001ರ ಜನವರಿಯ ರಿಯೋ ರೆಕಾರ್ಡಿಂಗ್ ಕೇಳಿ. ವಾಪಸ್ ಬಂದ ಬ್ರೂಸ್ ತಾನಿಲ್ಲದಾಗ ಹುಟ್ಟಿದ ಇದೇ ಹಾಡನ್ನು ಹಾಡಿದ್ದಾನೆ. ಅವನಿಗೇ ಉಪ್ಪು ಕಮ್ಮಿ ಅನಿಸಲಿಲ್ಲ, ನಿಮಗೇಕೆ?

ಒಂದು ಹಾಡು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಎಲ್ಲ ಒಂದೊಂದು ಮೆಟ್ಟಿಲು ಇಳಿದು, ಹತ್ತನೆಯದಾಗಿದ್ದ ‘ಎಂಪೈರ್ ಆಫ್ ದ ಕ್ಲೌಡ್ಸ್’ ಬಾಗಿಲ ಹತ್ತಿರ ನಿಂತಿದೆ. ಅದನ್ನು ಹೊರಗೆ ಕಳಿಸಲು ನನಗೆ ಸಂಕಟ. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಆರ್-101 ಎಂಬ ದೊಡ್ಡ ವಾಯುನೌಕೆ ಹೊರಟಿತು. ಹೊರಟಿದ್ದು ಎಲ್ಲಿಗೆ? ಕರಾಚಿಗೆ. ಆಗಿನ್ನೂ ಅದು ನಮ್ಮ ಅಖಂಡ ಭಾರತದ ಊರು. ಮಳೆ, ಗಾಳಿ. ಮಧ್ಯರಾತ್ರಿ ಕಳೆದ ಮೇಲೆ ಫ್ರಾನ್ಸಿನ ಬೋವೆ ಹತ್ತಿರ ಬಿದ್ದು ಹೊತ್ತಿಕೊಂಡಿತು. 54 ಜನರಲ್ಲಿ 48 ಜನ ಸತ್ತರು. ಬ್ರೂಸ್ ಸ್ವತಃ ಪೈಲಟ್. ಬ್ಯಾಂಡನ್ನು ವಿಮಾನದಲ್ಲಿ ದೇಶ ದೇಶ ಸುತ್ತಿಸಿದವನು. ಅವನು ಪಿಯಾನೋ ಮುಂದೆ ಕೂತು ಈ ಕಥೆಯನ್ನು ಒಬ್ಬನೇ ಬರೆದ. 2015ರ ಆಲ್ಬಂ. ನೀವು ಹೇಳುವ 18 ನಿಮಿಷ ನನಗೆ ಉದ್ದ ಅನಿಸುವುದಿಲ್ಲ. ಆ ನೌಕೆ ಗಾಳಿಯಲ್ಲಿ ಇದ್ದಿದ್ದೇ ಕೆಲವು ಗಂಟೆ.

ಆದರೆ ಬ್ಯಾಂಡು ಆ ಹಾಡನ್ನು ಒಮ್ಮೆಯೂ ವೇದಿಕೆಗೆ ತಂದಿಲ್ಲ. ಅದನ್ನು ಯಾವ ಮೈದಾನವೂ ಹಾಡಿಲ್ಲ, ಯಾವ ಹುಡುಗನೂ ಚೀಲ ಕೆಳಗಿಟ್ಟಿಲ್ಲ. ನಾನೇ ಒಪ್ಪಿಕೊಂಡ ಅಳತೆಗೋಲು ನನ್ನ ಬೆನ್ನಿಗೇ ಬಿತ್ತು. ಹೋಗಲಿ, ‘ಎಂಪೈರ್’ ಈ ಸಲಕ್ಕೆ ಹೊರಗೆ.

ಈ ಸಲಕ್ಕೆ ಎಂದು ಯಾಕೆ ಹೇಳಿದೆ ಎಂದರೆ, ನಿಮ್ಮ ಪತ್ರದ ಅಂಚಿನಲ್ಲಿ ‘ಅಲೆಕ್ಸಾಂಡರ್ ದ ಗ್ರೇಟ್ ಎಲ್ಲಿ?’ ಎಂದು ಗೀಚಿದ್ದೀರಿ. ಸೈನಿಕರು ಇನ್ನು ಇಂಡಿಯಾಕ್ಕೆ ಬರಲ್ಲ ಎಂದು ಹಟ ಹಿಡಿಯುವ ಸಾಲು ಇರುವ ಹಾಡು ಅದು. 1986ರಲ್ಲಿ ಬಂದ ಆ ಹಾಡನ್ನು ಮೇಡನ್ ಮೊದಲ ಸಲ ವೇದಿಕೆಯಲ್ಲಿ ನುಡಿಸಿದ್ದು 2023ರಲ್ಲಿ. 37 ವರ್ಷ ಕಾಯಿಸಿದರು. ಅದೇ ಲೆಕ್ಕದಲ್ಲಿ ‘ಎಂಪೈರ್’ ಸರದಿ 2052ಕ್ಕೆ. ಆಗ ಹ್ಯಾರಿಸ್‌ಗೆ 96 ಆಗಿರುತ್ತದೆ. ನಮ್ಮಿಬ್ಬರ ವಯಸ್ಸು ಬೇಡ ಬಿಡಿ.

ಕೊನೆಯ ಹಾಳೆಯ ವಿಷಯ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಟ್ರೂಪರ್ ನುಡಿಸೋಣ ಎಂದರೆ ನಿಮ್ಮ ತಂಡದವರು ಒಪ್ಪುವುದಿಲ್ಲ, ಹಾಗಾಗಿ ಸಿನಿಮಾ ಹಾಡುಗಳ ಮಧ್ಯೆ ಕೀಬೋರ್ಡಿನವರಿಗೆ ಗೊತ್ತಾಗದಂತೆ ಎರಡು ಸಾಲು ತಾಂ-ತಕ ತೂರಿಸುತ್ತೀರಿ ಎಂದು ಬರೆದಿದ್ದೀರಿ. ಹೋದ ವರ್ಷ ಮುಂದಿನ ಸಾಲಿನ ಅಜ್ಜ ಒಬ್ಬರು ಅದಕ್ಕೆ ತೊಡೆ ತಟ್ಟಿದರಂತೆ. ಈ ಸಲ ಯಾವ ಓಣಿ, ಯಾವ ದಿನ ಎಂದು ಒಂದು ಕಾರ್ಡು ಹಾಕಿ. ರಾತ್ರಿ ಬಸ್ಸಿಗೆ ಬರುತ್ತೇನೆ.

ಸಂಪಾದಕ