ತೀರ್ಥಹಳ್ಳಿ–ಕೊಪ್ಪ ಕಡೆಯ ಹಳ್ಳಿಯಲ್ಲಿ ಸ್ವಂತ ವಾಹನವಿಲ್ಲದೆ, ಬಸ್ಸನ್ನೇ ನಂಬಿ ನೆಲೆಸಬಹುದೇ?

ನೆಲೆಸಬಹುದು, ಆದರೆ ಮನೆ ನೋಡುವುದಕ್ಕೂ ಮೊದಲು ಆ ಊರಿನಲ್ಲಿ ರಾತ್ರಿ ಹಾಲ್ಟ್ ಆಗುವ ಬಸ್ಸು ಇದೆಯೇ ಎಂದು ವಿಚಾರಿಸಿ. ಸಂಜೆ ಪೇಟೆಯಿಂದ ಬಂದು, ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಈ ಒಂದು ಬಸ್ಸನ್ನು ನೆಚ್ಚಿಕೊಂಡೇ ಕಾಲೇಜಿನ ಮಕ್ಕಳು, ಅಂಗಡಿ–ಕಚೇರಿಗಳ ಕೆಲಸಗಾರರು, ಆಸ್ಪತ್ರೆಗೆ ಹೊರಟವರು ತಮ್ಮ ದಿನವನ್ನು ಹೊಂದಿಸಿಕೊಂಡಿರುತ್ತಾರೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ, ತೋಟ–ಗದ್ದೆಗಳ ಅಂಚಿನಲ್ಲಿ ಚದುರಿವೆ. ಆದ್ದರಿಂದ ಶಾಲೆಯ ವೇಳೆ ಕಳೆದ ಮೇಲೆ ಎಷ್ಟು ದೂರ ಓಡಿದರೂ ಸೀಟು ತುಂಬುವುದು ಕಷ್ಟ, ಹಗಲಿನ ಟ್ರಿಪ್ಪುಗಳು ವಿರಳವಾಗಿರುವುದಕ್ಕೆ ಅದೇ ಕಾರಣ.

ಎರಡನೆಯದಾಗಿ, ಆ ಬಸ್ಸು ಯಾರದು ಎಂಬುದನ್ನು ತಿಳಿದುಕೊಳ್ಳಿ. ಈ ಭಾಗದ ಒಳದಾರಿಗಳಲ್ಲಿ ಬಹುಕಾಲದಿಂದ ಓಡಿದವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಚಾಲಕ, ನಿರ್ವಾಹಕರೇ ಮಾಲೀಕರೂ ಆಗಿದ್ದ ಆ ಸಂಸ್ಥೆ ಸುಮಾರು ಮೂರು ದಶಕ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿ, ನಷ್ಟ ತಾಳಲಾರದೆ 2020ರಲ್ಲಿ ನಿಂತಿತು. ಇಂತಹ ದಾರಿಗಳನ್ನು ಟಿಕೆಟ್ಟಿನ ಹಣದಿಂದಲೇ ಉಳಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಸರ್ಕಾರಿ ಬಸ್ಸುಗಳಿಗಷ್ಟೇ ಅನ್ವಯಿಸುತ್ತದೆ. ಖಾಸಗಿ ಬಸ್ಸು ಮಾತ್ರ ಬರುವ ಊರಿನ ಹೆಂಗಸರು ಕೆಂಪು ಬಸ್ಸು ಸಿಗುವ ಪೇಟೆಯವರೆಗೆ ಹಣ ಕೊಟ್ಟೇ ಹೋಗಬೇಕು.

ಮನೆಯಲ್ಲಿ ವಯಸ್ಸಾದವರಿದ್ದರೆ ಘಾಟಿಯ ವಿಚಾರವೂ ಮುಖ್ಯ. ಇಲ್ಲಿನವರು ದೊಡ್ಡ ಚಿಕಿತ್ಸೆಗೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ರೂಢಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದು ಕಷ್ಟವಾದ್ದರಿಂದ ಆ ದಾರಿಯಲ್ಲಿ ಓಡುವವು ಮಿನಿ ಬಸ್ಸುಗಳು. ಜೋರು ಮಳೆಯಲ್ಲಿ ಗುಡ್ಡ ಜರಿದರೆ ಅವೂ ನಿಲ್ಲುತ್ತವೆ, ಸುತ್ತುದಾರಿ ಹಿಡಿಯಬೇಕಾಗುತ್ತದೆ.

ಫಲಕದಲ್ಲಿ ಬರೆದ ವೇಳೆಯನ್ನು ನಂಬುವುದಕ್ಕಿಂತ ಸಂಜೆಯ ಬಸ್ಸಿನ ಕಂಡಕ್ಟರನ್ನು ಕೇಳುವುದು ಮೇಲು. ಭಾನುವಾರ ಮತ್ತು ಶಾಲೆಗೆ ರಜೆಯಿರುವಾಗ ಟ್ರಿಪ್ ಕಡಿತವಾಗುತ್ತದೆಯೇ, ಆಷಾಢದ ಮಳೆಯಲ್ಲಿ ಬಸ್ಸು ಊರೊಳಗೆ ಬರುತ್ತದೆಯೇ ಅಥವಾ ಊರಿನ ದಾರಿ ಕವಲೊಡೆಯುವ ಕೈಮರದಲ್ಲೇ ತಿರುಗಿಸಿಕೊಂಡು ಹೋಗುತ್ತದೆಯೇ ಎಂಬ ಎರಡನ್ನು ಅವರಿಂದಲೇ ತಿಳಿದುಕೊಂಡು, ಆಮೇಲೆ ಮುಂಗಡ ಕೊಡಿ.