ಎನ್‌ಟಿಎಸ್‌ಸಿ ವಿಡಿಯೋವನ್ನು ಪಾಲ್‌ಗೆ ಬದಲಿಸಿದರೆ ಚಲನೆ ಯಾಕೆ ತಡವರಿಸುತ್ತದೆ?

ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಹಳೆಯ ಟಿವಿ ಪದ್ಧತಿ) ಕ್ಯಾಮೆರಾದಲ್ಲಿ ತೆಗೆದ ಹಳೆಯ ನೃತ್ಯದ ಟೇಪನ್ನು ಪಾಲ್ (ಭಾರತದ ಹಳೆಯ ಟಿವಿ ಪದ್ಧತಿ) ಡಿವಿಡಿ ಮಾಡಿದ್ದೀರಿ. ಚಿತ್ರದ ಅಳತೆ ಸರಿಯಾಗಿದೆ, ಆದರೆ ಕೈಕಾಲು ಆಡುವಾಗ ಚಿತ್ರ ತಡವರಿಸುತ್ತದೆ, ಅಲ್ಲಲ್ಲಿ ಒಂದು ಕೈ ಎರಡಾಗಿ ಕಾಣುತ್ತದೆ, ಯಾಕೆ ಅಂತ ಕೇಳಿದ್ದೀರಿ. ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವುದು ನನ್ನ ಕೆಲಸ. ನಿಮ್ಮ ವಿವರ ನೋಡಿದರೆ ಟೇಪಿನಲ್ಲಿ ತೊಂದರೆ ಇರುವ ಹಾಗೆ ಕಾಣುವುದಿಲ್ಲ. ಸಾಫ್ಟ್‌ವೇರು ಚಿತ್ರಗಳ ವೇಗವನ್ನು ಬದಲಿಸಿದ ರೀತಿಯೇ ತಪ್ಪಾಗಿದೆ.

ಅಳತೆಯ ಲೆಕ್ಕ ಸುಲಭ. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಡಿವಿಡಿಗೆ ಬರುವುದು ಅದರಲ್ಲಿ 480. ಪಾಲ್‌ನಲ್ಲಿ 625, ಬರುವುದು 576. ಅಡ್ಡಕ್ಕೆ ಎರಡರಲ್ಲೂ 720 ಪಿಕ್ಸೆಲ್. ಎತ್ತರವನ್ನು ಹಿಗ್ಗಿಸಿದರೆ ಮುಗಿಯಿತು. ಬಣ್ಣದ ಬಗ್ಗೆಯೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟೇಪು ಫೈಲಾಗುವಾಗಲೇ ಎನ್‌ಟಿಎಸ್‌ಸಿ ಬಣ್ಣದ ಸಿಗ್ನಲ್ಲನ್ನು ಬಿಡಿಸಿ ಆಗಿರುತ್ತದೆ.

ಕಷ್ಟ ಇರುವುದು ಸಮಯದಲ್ಲಿ. ನಿಮ್ಮ ಟೇಪಿನಲ್ಲಿ ಸೆಕೆಂಡಿಗೆ 29.97 ಫ್ರೇಮು ಇದೆ ಅಂತ ಸಾಫ್ಟ್‌ವೇರು ತೋರಿಸುತ್ತದೆ, ಅಲ್ವಾ? ಆದರೆ ಕ್ಯಾಮೆರಾ ನಿಜವಾಗಿ ಹಿಡಿದದ್ದು ಸೆಕೆಂಡಿಗೆ 59.94 ಫೀಲ್ಡು. ಒಂದು ಫೀಲ್ಡಿನಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸರಿ ಗೆರೆಗಳು. ಅಂದರೆ ಒಂದೇ ಫ್ರೇಮಿನೊಳಗೆ ಎರಡು ಬೇರೆ ಬೇರೆ ಕ್ಷಣಗಳಿವೆ. ಪಾಲ್‌ನಲ್ಲಿ ಇದು 50 ಫೀಲ್ಡು, 25 ಫ್ರೇಮು.

ನಿಮ್ಮ ಸಾಫ್ಟ್‌ವೇರು ಬಹುಶಃ ಫ್ರೇಮುಗಳನ್ನಷ್ಟೇ ನೋಡಿದೆ. ಆರು ಫ್ರೇಮಿಗೆ ಒಂದನ್ನು ಎಸೆದರೆ ಸೆಕೆಂಡಿಗೆ ಸುಮಾರು 5 ಸಲ ಚಲನೆ ಹಾರುತ್ತದೆ. ಅದೇ ನಿಮಗೆ ಕಂಡ ತಡವರಿಕೆ. ಎಸೆಯುವ ಬದಲು ಪಕ್ಕದ ಎರಡು ಫ್ರೇಮುಗಳನ್ನು ಬೆರೆಸಿದರೆ ಕೈ ಎರಡಾಗುತ್ತದೆ. ಡಿಇಂಟರ್‌ಲೇಸ್ ಮಾಡದೆ, ಅಂದರೆ ಫ್ರೇಮಿನಲ್ಲಿ ಹೆಣೆದ ಎರಡು ಫೀಲ್ಡುಗಳನ್ನು ಬಿಡಿಸದೆ, ಎತ್ತರ ಹಿಗ್ಗಿಸಿದ್ದರೆ ಇನ್ನೂ ಕೆಟ್ಟದು. ಎರಡು ಕ್ಷಣಗಳ ಗೆರೆಗಳು ಕಲಸಿಹೋಗಿ, ಚಲಿಸುವ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಪಟ್ಟೆಗಳು ಉಳಿದುಬಿಡುತ್ತವೆ. ಆಮೇಲೆ ಅದನ್ನು ತೆಗೆಯುವುದು ಅಸಾಧ್ಯ ಅಂತಲೇ ಹೇಳಬಹುದು. ಆದ್ದರಿಂದ ಈಗ ಮಾಡಿರುವ ಡಿವಿಡಿಯನ್ನು ರಿಪೇರಿ ಮಾಡಲು ಹೋಗಬೇಡಿ, ಮೂಲ ಫೈಲಿನಿಂದಲೇ ಮತ್ತೆ ಶುರು ಮಾಡಿ.

ನಾನು ಮಾಡುವ ಕ್ರಮ ಹೀಗಿದೆ. ಮೊದಲು ಪ್ರತಿ ಫೀಲ್ಡನ್ನೂ ಒಂದು ಪೂರ್ತಿ ಫ್ರೇಮಾಗಿ ಬಿಡಿಸುತ್ತೇನೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಫ್ಟ್‌ವೇರಿನ ಯಾಡಿಫ್ ಫಿಲ್ಟರಿನಲ್ಲಿ ಫೀಲ್ಡಿಗೊಂದು ಫ್ರೇಮು ಕೊಡುವ ಆಯ್ಕೆ ಇದೆ. ಏವಿಸಿಂತ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಇದೇ ಕೆಲಸ ಮಾಡುವ ಕ್ಯುಟಿಜಿಎಂಸಿ ನಿಧಾನ, ಆದರೆ ಫಲಿತಾಂಶ ತುಂಬಾ ಚೆನ್ನಾಗಿರುತ್ತದೆ. ಹೀಗೆ 59.94 ಫ್ರೇಮು ಸಿಕ್ಕ ಮೇಲೆ ಎತ್ತರವನ್ನು 576ಕ್ಕೆ ಹಿಗ್ಗಿಸಿ, ವೇಗವನ್ನು 50ಕ್ಕೆ ಇಳಿಸುತ್ತೇನೆ. ಕೊನೆಗೆ ಮತ್ತೆ ಇಂಟರ್‌ಲೇಸ್ ಮಾಡಿ (ಎರಡೆರಡನ್ನು ಫೀಲ್ಡುಗಳಾಗಿ ಒಂದು ಫ್ರೇಮಿನಲ್ಲಿ ಹೆಣೆದು) 25 ಫ್ರೇಮಿನ ಪಾಲ್ ಮಾಡುತ್ತೇನೆ. ಡಿವಿ (ಡಿಜಿಟಲ್ ಟೇಪಿನ) ಕ್ಯಾಮೆರಾದ ಟೇಪಾದರೆ ಕೆಳಗಿನ ಫೀಲ್ಡು, ಅಂದರೆ ಸರಿ ಗೆರೆಗಳದ್ದು, ಮೊದಲು ಬರುತ್ತದೆ, ಅದನ್ನು ಶುರುವಿನಲ್ಲೇ ಸರಿಯಾಗಿ ಹೇಳಬೇಕು. ಇಲ್ಲದಿದ್ದರೆ ಚಲನೆ ಹಿಂದೆ ಮುಂದೆ ಜಗ್ಗಾಡುತ್ತದೆ.

60ರಿಂದ 50ಕ್ಕೆ ಇಳಿಸುವಾಗಲೂ ಫ್ರೇಮು ಎಸೆಯಬಹುದು. ಆಗ ಒಂದೊಂದು ನೆಗೆತವೂ ಮೊದಲಿನ ಅರ್ಧದಷ್ಟೇ ಇರುವುದರಿಂದ ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ. ಮಾತುಕತೆ, ಮದುವೆ ಊಟದಂಥ ದೃಶ್ಯಗಳಿಗೆ ಇದೇ ಸಾಕು. ನೃತ್ಯಕ್ಕೆ ಮಾತ್ರ ಚಲನೆಯನ್ನು ಅಂದಾಜು ಮಾಡಿ ನಡುವಿನ ಹೊಸ ಫ್ರೇಮು ಕಟ್ಟುವ ವಿಧಾನವನ್ನೇ ಆರಿಸುತ್ತೇನೆ. ಅದೂ ಕೆಲವೊಮ್ಮೆ ಎಡವುತ್ತದೆ. ವೇಗವಾಗಿ ಬೀಸುವ ಬೆರಳು, ಒಂದರ ಮುಂದೊಂದು ಹಾಯುವ ಕಾಲುಗಳು ಕರಗಿದಂತೆ ಕಾಣಬಹುದು. ಅಂಥ ಕಡೆ ಆ ತುಣುಕಿಗಷ್ಟೇ ಎಸೆಯುವ ವಿಧಾನ ಹಾಕಿ.

ಟೇಪಿನಲ್ಲಿ ಸಿನಿಮಾ ಇದ್ದರೆ ಮೇಲಿನದು ಯಾವುದೂ ಬೇಡ. ಒಂದೊಂದೇ ಫ್ರೇಮು ಮುಂದೆ ಹೋಗಿ ನೋಡಿ. ಮೂರು ಸ್ವಚ್ಛ, ಎರಡು ಪಟ್ಟೆ, ಮತ್ತೆ ಮೂರು ಸ್ವಚ್ಛ ಅಂತ ಬಂದರೆ ಅದು 24 ಫ್ರೇಮಿನ ಫಿಲ್ಮಿನಿಂದ ಬಂದದ್ದು. ಮೂಲ ಫ್ರೇಮುಗಳನ್ನು ವಾಪಸ್ ಪಡೆದು 25ರ ವೇಗದಲ್ಲಿ ಓಡಿಸಿದರೆ ಸಾಕು. 100 ನಿಮಿಷದ ಚಿತ್ರ ಸುಮಾರು 96 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿ ಸ್ವಲ್ಪ ಏರುತ್ತದೆ. ಹಾಡಿದ್ದರೆ ಶ್ರುತಿಯನ್ನು ಸರಿಪಡಿಸಿ, ಕಿವಿ ಇರುವವರಿಗೆ ಅದು ತಿಳಿಯುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಪ್ರಶ್ನೆ. ನಿಮಗೆ ಪಾಲ್ ಡಿವಿಡಿ ಬೇಕೇ ಬೇಕಾ? ನೋಡುವುದು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಹೊಸ ಟಿವಿಯಲ್ಲೋ ಆದರೆ, ಫೀಲ್ಡು ಬಿಡಿಸಿದ 59.94 ಫ್ರೇಮಿನ ಫೈಲನ್ನೇ ಇಟ್ಟುಕೊಳ್ಳಿ. ಅದರಲ್ಲಿ ನೃತ್ಯದ ಒಂದು ಕ್ಷಣವೂ ಕಳೆದುಹೋಗಿರುವುದಿಲ್ಲ. ಡಿವಿಡಿ ಬೇಕೇ ಬೇಕು ಅಂದರೆ, ಕೈಗಳು ಅತಿ ವೇಗವಾಗಿ ಆಡುವ ಒಂದು ನಿಮಿಷವನ್ನು ಮೊದಲು ಬದಲಿಸಿ, ಟಿವಿಯಲ್ಲಿ ನೋಡಿ. ಟೇಪಿನಿಂದ ಮೊದಲು ತೆಗೆದ ಫೈಲನ್ನಂತೂ ದಯವಿಟ್ಟು ಅಳಿಸಬೇಡಿ.